ಬಾಡಿಗೆ ಕಾರು ಬಂದು ಗುದ್ದಿದ ಮೇಲೆ ಇನ್ಶೂರೆನ್ಸ್ ಎಷ್ಟು ಕೈ ಹಿಡಿಯಿತು?

ಕ್ಲೇಮ್ ವಿಷಯದಲ್ಲಿ ನನ್ನ ಇನ್ಶೂರೆನ್ಸ್ ಕಂಪನಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ನಮಗೆ ಗುದ್ದಿದ ಕಾರನ್ನು ಬಾಡಿಗೆಗೆ ಬಿಟ್ಟಿದ್ದ ಸೆಲ್ಫ್ ಡ್ರೈವ್ ಕಂಪನಿಗೆ ಒಂದೇ ಒಂದು. ಅದೂ ಪೊಲೀಸರು ಕೇಳಿದ ಮೇಲೆ ಪಾಲಿಸಿ ಕಾಪಿ ಕಳಿಸಿದರು ಅನ್ನುವ ಕಾರಣಕ್ಕೆ.

ನಾವು ಚಿಕ್ಕಮಗಳೂರಿನವರು. ವೀಕೆಂಡ್ ಬಂತೆಂದರೆ ಮುಳ್ಳಯ್ಯನಗಿರಿ ಕಡೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ಕಾರುಗಳದ್ದೇ ಸಾಲು. ಎಲ್ಲಾ ಸೆಲ್ಫ್ ಡ್ರೈವ್. ಕೈಮರ ಚೆಕ್‌ಪೋಸ್ಟ್ ಹತ್ತಿರ ನಮ್ಮ ಕಾರು ನಿಂತಿತ್ತು, ಅಂಥದ್ದೊಂದು ಹಿಂದಿನಿಂದ ಬಂದು ಗುದ್ದಿತು. ಡಿಕ್ಕಿ ಬಾಗಿಲು ಒಳಗೆ ಹೋಯಿತು, ಬಂಪರ್ ಒಂದು ಕಡೆ ಕಳಚಿ ನೇತಾಡುತ್ತಿತ್ತು. ಹಿಂದೆ ಕೂತಿದ್ದ ಅಮ್ಮ ಮುಂದಿನ ಸೀಟಿಗೆ ಕೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು.

ಓಡಿಸುತ್ತಿದ್ದ ಹುಡುಗ ಓಡಿಹೋಗಲಿಲ್ಲ. ಇಳಿದು ಬಂದು ಅಮ್ಮನಿಗೆ ನೀರು ಕೊಟ್ಟ. "ಆಂಟಿ, ಟೆನ್ಶನ್ ಮಾಡ್ಕೋಬೇಡಿ, ಬುಕ್ ಮಾಡುವಾಗಲೇ ಫುಲ್ ಪ್ರೊಟೆಕ್ಷನ್ ಪ್ಲಾನ್ ತಗೊಂಡಿದ್ದೀನಿ" ಅಂದ. ಪಾಪ, ಅವನಿಗೂ ಗೊತ್ತಿರಲಿಲ್ಲ. ಆ ಪ್ಲಾನ್ ಇರುವುದು ಬಾಡಿಗೆ ಕಾರಿಗೆ ಏಟಾದರೆ ಅವನ ಜೇಬಿನಿಂದ ಹೋಗುವ ದುಡ್ಡಿಗೆ ಒಂದು ಮಿತಿ ಹಾಕುವುದಕ್ಕೆ. ಗುದ್ದಿಸಿಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಮಗೆ ಬೇಕಾದದ್ದು ಆ ಕಾರಿನ ಮೇಲಿರುವ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಆ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ಇನ್ಶೂರೆನ್ಸ್. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಅದಿಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯುವಂತಿಲ್ಲ, ಬಾಡಿಗೆಗೆ ತಗೊಂಡವನು ಓಡಿಸಿದರೂ ಪಾಲಿಸಿ ಗಾಡಿಯ ಮೇಲೇ ಇರುತ್ತದೆ.

ಇಷ್ಟು ತಿಳಿದುಕೊಳ್ಳಲು ಸೆಲ್ಫ್ ಡ್ರೈವ್ ಕಂಪನಿಯ ಕಸ್ಟಮರ್ ಕೇರ್‌ನಿಂದ ಒಂದು ಚೂರೂ ಸಹಾಯವಾಗಲಿಲ್ಲ. ಫೋನ್ ಎತ್ತಿದವರೆಲ್ಲ ಮೊದಲು ಕೇಳುವುದು ಬುಕಿಂಗ್ ಐಡಿ. ಗುದ್ದಿಸಿಕೊಂಡವರ ಹತ್ತಿರ ಬುಕಿಂಗ್ ಐಡಿ ಎಲ್ಲಿಂದ ಬರಬೇಕು? ಇಲ್ಲ ಅಂದರೆ "ಸರ್, ನೀವು ನಮ್ಮ ಕಸ್ಟಮರ್ ಅಲ್ಲ" ಅಂತ ಇಟ್ಟುಬಿಡುತ್ತಾರೆ. ದಿನಾ ಅಷ್ಟೊಂದು ಕಾರುಗಳನ್ನು ನಮ್ಮ ಘಾಟಿಗೆ ಕಳಿಸುವವರು, ಏಟು ತಿಂದವರು ಫೋನ್ ಮಾಡಲು ಒಂದು ನಂಬರ್ ಇಡಬೇಕು ಅಲ್ವಾ? ಇದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಕೊನೆಗೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದೆ. ಯಾವ ಇನ್ಶೂರೆನ್ಸ್ ಕಂಪನಿ, ಎಲ್ಲಿವರೆಗೆ ಚಾಲ್ತಿ ಅನ್ನುವುದು ಅಲ್ಲೇ ಸಿಕ್ಕಿತು.

ಈಗ ನನ್ನ ಕಂಪನಿಯ ವಿಷಯ. ಥರ್ಡ್ ಪಾರ್ಟಿಯಲ್ಲಿ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಕವರ್ ಇರುತ್ತದೆ, ಹಾಗಾಗಿ ನಮ್ಮ ಕಾರಿನ ರಿಪೇರಿಯನ್ನೂ ಎದುರಿನವರ ಪಾಲಿಸಿಯಿಂದ ಕೇಳಬಹುದು. ಆದರೆ ಅದಕ್ಕೆ ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬೇಕು, ಅಲ್ಲಿವರೆಗೆ ಕಾರು ಶೆಡ್ಡಿನಲ್ಲಿ ಕೂರಬೇಕು. ಅದಕ್ಕೇ ನನ್ನ ಪಾಲಿಸಿಯಲ್ಲಿ ಸ್ವಂತ ಕಾರಿನ ನಷ್ಟಕ್ಕೆ ಇರುವ ಓನ್ ಡ್ಯಾಮೇಜ್ ಭಾಗದಲ್ಲೇ ಕ್ಲೇಮ್ ಹಾಕಿದೆ. ಸರ್ವೇಯರ್ ಮಾರನೇ ದಿನವೇ ಬಂದರು. ಬಂಪರ್ ಬಿಚ್ಚಿಸಿ ಒಳಗಿನ ಪಟ್ಟಿ ಬಾಗಿದ್ದನ್ನು ಟಾರ್ಚ್ ಹಾಕಿ ನೋಡಿ, ನಾವು ಹೇಳುವ ಮೊದಲೇ ಅದನ್ನೂ ಲಿಸ್ಟಿಗೆ ಸೇರಿಸಿದರು. ಹೀಗೆ ಕೆಲಸ ಮಾಡುವವರು ಸಿಕ್ಕರೆ ಅರ್ಧ ತಲೆನೋವು ಕಮ್ಮಿ. ಝೀರೋ ಡೆಪ್ (ಭಾಗ ಹಳೆಯದಾಯಿತೆಂದು ದುಡ್ಡು ಕಡಿಯದ ಹೆಚ್ಚುವರಿ ಕವರ್) ಇದ್ದಿದ್ದರಿಂದ ಪ್ಲಾಸ್ಟಿಕ್ ಭಾಗಗಳಿಗೂ ದುಡ್ಡು ಕಟ್ ಆಗಲಿಲ್ಲ. ಕಡ್ಡಾಯವಾಗಿ ಕಟ್ಟಬೇಕಾದ 1000 ರೂಪಾಯಿ ಮತ್ತು ಸಣ್ಣಪುಟ್ಟ ಸಾಮಾನಿನ ಖರ್ಚು, ಅಷ್ಟೇ ನನ್ನದು.

ಒಂದು ಅಂಕ ಕಳೆದದ್ದು ನೋ ಕ್ಲೇಮ್ ಬೋನಸ್‌ಗೆ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಗೆ. ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ನನಗೆ 50% ರಿಯಾಯಿತಿ ಇತ್ತು, ಈಗ ಸೊನ್ನೆ. ನಿಂತಿದ್ದ ಕಾರಿಗೆ ಬೇರೆಯವರು ಗುದ್ದಿದರೂ ಅಷ್ಟೇ, ತಪ್ಪು ಯಾರದು ಅಂತ ನೋಡುವುದೇ ಇಲ್ಲ. ಕ್ಲೇಮ್ ಆದರೂ ಈ ರಿಯಾಯಿತಿ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಅನ್ನುವ ಆಡ್‌ಆನ್ ಇದೆ ಎಂದು ಪಾಲಿಸಿ ಮಾರುವಾಗ ಯಾರೂ ಬಾಯಿಬಿಟ್ಟಿರಲಿಲ್ಲ. ಕ್ಲೇಮ್ ಆದ ಮೇಲೆ ಹೇಳಿದರು!

ಅಮ್ಮನ ಕೈಯದ್ದು ಬೇರೆ ದಾರಿ. ಅದು ನೇರವಾಗಿ ಬಾಡಿಗೆ ಕಾರಿನ ಪಾಲಿಸಿ ಮೇಲೆ. ಗಾಯಕ್ಕೆ 7.5 ಲಕ್ಷದ ಆ ಮಿತಿ ಇಲ್ಲ, ಟ್ರಿಬ್ಯೂನಲ್ ತೀರ್ಮಾನ ಮಾಡಿದ್ದೇ ಪರಿಹಾರ. ಅದಕ್ಕೆ ಎಫ್‌ಐಆರ್ ಇದ್ದರೆ, ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ಗಾಯದ ದಾಖಲೆ) ಮಾಡಿಸಿದ್ದರೆ ಕೇಸು ಗಟ್ಟಿಯಾಗುತ್ತದೆ. "ಇಲ್ಲೇ ಮಾತಾಡಿ ಮುಗಿಸೋಣ" ಅಂತ ಅಲ್ಲಿದ್ದವರು ಹೇಳಿದರೂ ನಾನು ಒಪ್ಪಲಿಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ, ಅಪಘಾತವಾದ ದಿನದಿಂದ ಆರು ತಿಂಗಳ ಗಡುವಿದೆ, ಅಷ್ಟರೊಳಗೆ ಅರ್ಜಿ ಹಾಕಿಬಿಡಿ. ಅಪಘಾತ ಎಲ್ಲೇ ಆಗಿರಲಿ, ನೀವಿರುವ ಊರಿನ ಟ್ರಿಬ್ಯೂನಲ್‌ನಲ್ಲೇ ಹಾಕಬಹುದು. ಡ್ರೈವರ್, ಆರ್‌ಸಿಯಲ್ಲಿರುವ ಮಾಲೀಕ, ಇನ್ಶೂರೆನ್ಸ್ ಕಂಪನಿ ಮೂವರನ್ನೂ ಸೇರಿಸಬೇಕು.

ಗುದ್ದಿದ ಕಾರು ಬಿಳಿ ಬೋರ್ಡಿನದ್ದಾಗಿದ್ದರೂ ಸುಮ್ನೆ ಬಿಡಬೇಡಿ. ಸ್ವಂತ ಕಾರನ್ನು ಬಾಡಿಗೆಗೆ ಬಿಡುವವರು ಜಾಸ್ತಿ ಇದ್ದಾರೆ, ಇನ್ಶೂರೆನ್ಸ್‌ನವರು ಅದನ್ನೇ ಹಿಡಿದು ಜಾರಿಕೊಳ್ಳಲು ನೋಡುತ್ತಾರೆ. ಪಾಲಿಸಿಯ ಷರತ್ತು ಮುರಿದ ಎಷ್ಟೋ ಕೇಸುಗಳಲ್ಲಿ ಕೋರ್ಟುಗಳು, ಮೊದಲು ಕಂಪನಿಯೇ ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಹೇಳಿವೆ.

ಅಮ್ಮನ ಅರ್ಜಿ ಇನ್ನೂ ನಡೆಯುತ್ತಿದೆ. ಕಾರಿನ ಪಾಲಿಸಿ ಇದೇ ಕಂಪನಿಯಲ್ಲೇ ರಿನ್ಯೂ ಮಾಡುತ್ತೇನೆ, ಆ ಸರ್ವೇಯರ್ ಮಾಡಿದ ಕೆಲಸ ನೋಡಿ.