ದೊಡ್ಡಾಸ್ಪತ್ರೆ, ಖಾಸಗಿ ಕ್ಲಿನಿಕ್, ಸಂಘದ ಕ್ಲಿನಿಕ್: ನಾನು ಹತ್ತಿಳಿದ ಮೂರು ಮೆಟ್ಟಿಲು

ನನ್ನ ಮತ ನಮ್ಮ ಲೈಂಗಿಕ ಕೆಲಸಗಾರರ ಸಂಘದ ಕ್ಲಿನಿಕ್ಕಿಗೆ, ಮೊದಲೇ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ ಸುತ್ತ ಹನ್ನೊಂದು ವರ್ಷದಿಂದ ದಂಧೆ ಮಾಡುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಕೆಳಹೊಟ್ಟೆ ನೋವು, ಬಿಳಿಸೆರಗು ಎರಡೂ ಒಟ್ಟಿಗೆ ಹಿಡಿದುಕೊಂಡು, ಒಂದೂವರೆ ತಿಂಗಳಲ್ಲಿ ಮೂರೂ ಕಡೆ ಅಲೆದೆ.

ಮೊದಲು ಹೋದದ್ದು ಮನೆ ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ. ಸಂಜೆ ತೆರೆದಿರುತ್ತದೆ, ಕಾಯಿಸುವುದಿಲ್ಲ. ಆದರೆ ಅದೇ ಬೆಂಚಿನಲ್ಲಿ ನಮ್ಮ ವಠಾರದವರೂ ಕೂತಿದ್ದರು. ಏನು ಕೆಲಸ ಎಂದಾಗ ಗಾರ್ಮೆಂಟ್ಸ್ ಎಂದೆ. ಗಾರ್ಮೆಂಟ್ಸಿನವಳಿಗೆ ಕೊಡುವ ಔಷಧಿಯನ್ನೇ ಕೊಟ್ಟರು: ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ. ಮಲಗಿಸಿ ನೋಡಲಿಲ್ಲ. ಎಲ್ಲ ಸೇರಿ 800 ರೂಪಾಯಿ. ವಾರ ಕಳೆಯುವುದರೊಳಗೆ ನೋವು ಮರಳಿತು.

ಆಮೇಲೆ ದೊಡ್ಡಾಸ್ಪತ್ರೆ. ಪರಿಣತ ವೈದ್ಯರು, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ಒಂದೇ ಕಡೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೂ ದುಡ್ಡಿಲ್ಲ. ಬೆಳಗಿನ ಜಾವ ಮೂರಕ್ಕೆ ಮಲಗುವವಳು ಒಂಬತ್ತಕ್ಕೆ ಸಾಲಿನಲ್ಲಿ ನಿಲ್ಲಬೇಕು, ಅದನ್ನೂ ಸಹಿಸಿಕೊಂಡೆ. ಎಡವಿದ್ದು ಚೀಟಿ ಕೊಡುವ ಕಿಟಕಿಯಲ್ಲಿ.

"ಏನಮ್ಮಾ, ಗಂಡನ ಹೆಸರು?"

ಗಂಡ ಬಿಟ್ಟುಹೋಗಿ ಒಂಬತ್ತು ವರ್ಷ. ಇಲ್ಲ ಎಂದೆ. "ತೀರಿಕೊಂಡರೇ?" ಅದೂ ಇಲ್ಲ ಎಂದೆ. ಅಲ್ಲಿಯವರೆಗೆ ಕಂಪ್ಯೂಟರ್ ನೋಡುತ್ತಿದ್ದವರು ತಲೆಯೆತ್ತಿ ನನ್ನ ಮುಖ ನೋಡಿದರು. ಹಿಂದೆ ಉದ್ದದ ಸಾಲು, ಎಲ್ಲರಿಗೂ ಕಿವಿಯಿದೆ. ಕೊನೆಗೆ ಅಪ್ಪನ ಹೆಸರು ಬರೆಸಿದೆ. ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುತ್ತಿದ್ದ ಮನುಷ್ಯ ನಮ್ಮಪ್ಪ. ಅವರ ಹೆಸರನ್ನು ಆ ಚೀಟಿಗೆ ಎಳೆದು ತಂದ ನೋವು ಹೊಟ್ಟೆನೋವಿಗಿಂತ ಹೆಚ್ಚಾಯಿತು.

ಚೀಟಿಯಲ್ಲಿ ಬರೆದ ಆ ಒಂದು ಹೆಸರು ಒಳಗೂ ಬೆನ್ನು ಬಿಡಲಿಲ್ಲ. ವೈದ್ಯರ ಮೇಜಿನ ಸುತ್ತ ಒಮ್ಮೆಗೇ ಮೂವರು ರೋಗಿಗಳು, ಬಾಗಿಲು ತೆರೆದೇ ಇತ್ತು. "ಇದು ಸೋಂಕು, ಗಂಡನಿಗೂ ಮಾತ್ರೆ ಕೊಡಬೇಕು, ಕರೆದುಕೊಂಡು ಬನ್ನಿ" ಎಂದವರು ಚೀಟಿ ನೋಡಿದರು. "ತಂದೆಯ ಹೆಸರಿದೆಯಲ್ಲ, ಮದುವೆಯಾಗಿಲ್ಲವೇ? ಮತ್ತೆ ಹೇಗೆ ಬಂತು?" ಪಕ್ಕದಲ್ಲಿ ಕೂತಿದ್ದ ತುಂಬು ಬಸುರಿ ತನ್ನ ಸ್ಟೂಲನ್ನು ಒಂದು ಗೇಣು ಆಚೆಗೆ ಎಳೆದುಕೊಂಡಳು. ಸ್ಕ್ಯಾನಿಂಗ್‌ಗೆ ಬರೆದುಕೊಟ್ಟ ಚೀಟಿಯನ್ನು ಮಡಚಿ ಬ್ಲೌಸಿನೊಳಗೆ ತುರುಕಿಕೊಂಡು ಮನೆಗೆ ಬಂದೆ. ಸ್ಕ್ಯಾನಿಂಗ್ ಮಾಡಿಸಲಿಲ್ಲ.

ಕೊನೆಗೆ ಸಂಘದ ಕ್ಲಿನಿಕ್. ಅದಿರುವುದು ನಮ್ಮವರು ಬಂದು ಕೂತು ಹೋಗುವ ಡ್ರಾಪ್-ಇನ್ ಸೆಂಟರಿನಲ್ಲಿ, ಮಧ್ಯಾಹ್ನ ಎರಡಕ್ಕೆ ಹೋದರೂ ನಡೆಯುತ್ತದೆ. ಅಲ್ಲಿ ಕೇಳಿದ ಪ್ರಶ್ನೆಗಳೇ ಬೇರೆ: ನಿರೋಧ್ ಹರಿದಿತ್ತೇ, ಗಿರಾಕಿ ಬೇಡ ಎಂದಿದ್ದನೇ, ಎಷ್ಟು ದಿನವಾಯಿತು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ನರ್ಸಮ್ಮ ಪರದೆ ಎಳೆದು ಪಕ್ಕದಲ್ಲೇ ನಿಂತರು, ವೈದ್ಯರು ಒಳಗೆ ಪರೀಕ್ಷಿಸಿ ನೋಡಿದರು. ಹಳದಿ ಕಿಟ್ ಕೊಟ್ಟರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಪೊಟ್ಟಣ. ಕೆಳಹೊಟ್ಟೆ ನೋವಿಗೆ ಹಳದಿ, 14 ದಿನ ನುಂಗಬೇಕು. ಐದು ದಿನದ ಮಾತ್ರೆಗೆ ನೋವು ಏಕೆ ಬಗ್ಗಲಿಲ್ಲ ಎಂದು ಆಗ ತಿಳಿಯಿತು. ಕುಡಿಯುತ್ತೀಯಾ ಎಂದು ವಿಚಾರಣೆ ಮಾಡಲಿಲ್ಲ. ಈ ಮಾತ್ರೆ ನುಂಗುವಾಗ ಕುಡಿದರೆ ವಾಂತಿಯಾಗಬಹುದು, ಮುಗಿಯುವವರೆಗೆ ಬೇಡ ಎಂದರು. ನನ್ನ ಜೊತೆಗಿರುವವನಿಗೂ ಔಷಧಿ ಕಟ್ಟಿಕೊಟ್ಟರು, ಅವನು ಯಾರೆಂದು ಕೇಳಲಿಲ್ಲ. ಎಚ್‌ಐವಿ ಪರೀಕ್ಷೆಗೆ ನನ್ನ ಒಪ್ಪಿಗೆ ಕೇಳಿದರು. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಕೇಳಲೇಬೇಕು, ಫಲಿತಾಂಶವನ್ನು ಗುಟ್ಟಾಗಿಡಲೇಬೇಕು. ಖರ್ಚು ಸೊನ್ನೆ.

ಕೊರತೆಯೂ ಇದೆ. ವೈದ್ಯರು ವಾರಕ್ಕೆ ಎರಡೇ ದಿನ. ಸ್ಕ್ಯಾನಿಂಗ್ ಇಲ್ಲ. ಸಕ್ಕರೆ ಕಾಯಿಲೆ, ಬಸಿರು, ನಿದ್ದೆ ಬಾರದ ರಾತ್ರಿಗಳು, ಪೊಲೀಸರ ಲಾಠಿಗೆ ಊದಿದ ಕಾಲು, ಇವಕ್ಕೆಲ್ಲ ಬೇರೆ ಕಡೆಗೇ ಹೋಗಬೇಕು. ಈ ಕ್ಲಿನಿಕ್ಕುಗಳನ್ನು ತೆರೆದದ್ದು ಎಚ್‌ಐವಿ ತಡೆಯಲು. ಉಳಿದ ಮೈಯೂ ನಮ್ಮದೇ ಅಲ್ಲವೇ ಎಂದು ಸಂಘದ ಸಭೆಯಲ್ಲಿ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ದಿನಕ್ಕಿಷ್ಟು ಎಂದು ದುಡಿದು, ಅದರಲ್ಲೇ ಬಾಡಿಗೆಯನ್ನೂ ಮಗಳ ಹಾಸ್ಟೆಲ್ ಖರ್ಚನ್ನೂ ಕಟ್ಟುವ ನನ್ನಂಥವಳು ಮೊದಲು ಸಂಘಕ್ಕೇ ಹೋಗಬೇಕು. ಸಂಘ ಎಲ್ಲಿದೆ ಎಂದು ಗೊತ್ತಿಲ್ಲದವರು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಕಾಸು ಬೀಳುವುದಿಲ್ಲ. ಆಧಾರ್ ಇಲ್ಲದವರೂ ಹೆದರಬೇಡಿ: ವಿಳಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ನಮಗೆ ಆಧಾರ್ ಕೊಡಬೇಕು, ಕಾರ್ಡಿನಲ್ಲಿ ಕಸುಬಿನ ಗುರುತು ಇರಬಾರದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿ ಕ್ಲಿನಿಕ್ಕಿಗೆ ಇನ್ನು ಜ್ವರ, ನೆಗಡಿಗೆ ಮಾತ್ರ.

ದೊಡ್ಡಾಸ್ಪತ್ರೆಗೆ ಒಬ್ಬಳೇ ಹೋಗುವುದಿಲ್ಲ. ಬಾಕಿಯಿದ್ದ ಸ್ಕ್ಯಾನಿಂಗ್‌ಗೆ ಸಂಘದ ಪೀರ್ ಅಕ್ಕ, ಅಂದರೆ ನಮ್ಮೊಳಗಿನವರೇ ಆಗಿ ಉಳಿದವರಿಗೆ ನೆರವಾಗುವವರು, ಜೊತೆಗೆ ಬಂದರು. ಅದೇ ಕಿಟಕಿ, ಅದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ತಾಯಿಯ ಹೆಸರು ಬರೆದುಕೊಳ್ಳಿ, ಸರ್" ಎಂದು ನಮ್ಮಮ್ಮನ ಹೆಸರು ಹೇಳಿದರು. ಒಳಗಿದ್ದವರು ತಲೆಯೆತ್ತದೆ ಅದನ್ನೇ ಟೈಪ್ ಮಾಡಿ ಚೀಟಿ ಹೊರಗೆ ತಳ್ಳಿದರು.