ಎರಡು ವರ್ಷದ ಏರ್ ಫ್ರೈಯರ್: ಸೇಬು ಗೆದ್ದಿತು, ಹಲಸು ಸೋತಿತು

ನಮ್ಮ ಮನೆಗೆ ಏರ್ ಫ್ರೈಯರ್ ಬಂದಿದ್ದು 2023ರ ದೀಪಾವಳಿಗೆ. 4.2 ಲೀಟರ್, 1400 ವ್ಯಾಟ್, ಎರಡು ನಾಬ್ ಇರುವ ಸಾದಾ ಮಾಡೆಲ್. ಒಂದು ನಾಬ್ ಬಿಸಿಗೆ, 80ರಿಂದ 200 ಡಿಗ್ರಿವರೆಗೆ. ಇನ್ನೊಂದು ಟೈಮರ್, 30 ನಿಮಿಷಕ್ಕೆ ಮುಗಿಯುತ್ತದೆ. ಯಜಮಾನರಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿತ್ತು. ಮಗಳಿಗೆ ಶಾಲೆಯಿಂದ ಬಂದ ಕೂಡಲೇ ಏನಾದರೂ ಕುರುಕಲು ಬೇಕು. ಕರಿದಿದ್ದು ಕಡಿಮೆ ಮಾಡೋಣ ಅಂತ ತಂದೆವು. ಆಗಿನಿಂದ ವಾರಕ್ಕೆ ಎರಡು ಸಲವಾದರೂ ಓಡಿದೆ, ಹೆಚ್ಚಿನಂಶ ಹಣ್ಣಿನ ಚಿಪ್ಸ್‌ಗೇ. ಅದಕ್ಕೇ ಈ ವಿಮರ್ಶೆಯಲ್ಲಿ ಬರೀ ಚಿಪ್ಸ್ ವಿಷಯ.

ಮೊದಲ ತಿಂಗಳು ನನಗೆ ತುಂಬಾ ಬೇಜಾರಾಗಿತ್ತು. ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಸೇಬಿನ ಬಿಲ್ಲೆಗಳನ್ನು 180 ಡಿಗ್ರಿಗೆ 12 ನಿಮಿಷ ಇಟ್ಟೆ. ಅಂಚೆಲ್ಲ ಕಪ್ಪಾಯಿತು, ನಡು ಹಸಿಯಾಗೇ ಇತ್ತು. ಎರಡು ಬಿಲ್ಲೆ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಾಗಿ ಸುಟ್ಟವು. ಆ ವಾಸನೆ ಅಡುಗೆಮನೆಯಿಂದ ಹೋಗಲು ಒಂದು ದಿನ ಬೇಕಾಯಿತು.

ಆಮೇಲೆ ಗೊತ್ತಾಗಿದ್ದು, ಇದು ಹೆಸರಿಗೆ ಮಾತ್ರ ಫ್ರೈಯರ್. ಒಳಗೆ ಕರಿಯುವ ಕೆಲಸವೇ ಇಲ್ಲ. ಮೇಲೆ ಕಾಯಿಲ್ ಕಾಯುತ್ತದೆ, ಫ್ಯಾನ್ ಆ ಬಿಸಿ ಗಾಳಿಯನ್ನು ಬುಟ್ಟಿಯೊಳಗೆ ಜೋರಾಗಿ ತಿರುಗಿಸುತ್ತದೆ. ಗಾಳಿ ಹಣ್ಣಿನ ತೇವ ಎಳೆದುಕೊಂಡು ಹಿಂದಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ನಮ್ಮ ಕಡೆ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸುವುದಿಲ್ವಾ, ಇದೂ ಹತ್ತಿರಹತ್ತಿರ ಅದೇ ಕೆಲಸ. ಹೀಗೆ ಯೋಚಿಸಿದ ದಿನದಿಂದ ನಾಬ್ 90ಕ್ಕೆ ಇಳಿಸಿದೆ. ಸೇಬು ಅವತ್ತೇ ಸರಿಯಾಯಿತು.

ಈಗ ಮಾಡುವುದು ಹೀಗೆ. ಗಟ್ಟಿ ಸೇಬು ಬೇಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಿಮಾಚಲದಿಂದ ಬರುವ ಹೊಸ ಬೆಳೆ ಇದಕ್ಕೆ ಹೇಳಿ ಮಾಡಿಸಿದ್ದು. ಒತ್ತಿದರೆ ಹಿಟ್ಟುಹಿಟ್ಟಾಗುವ ಹಳೇ ಸೇಬು ಬೇಡ. ಚಿಪ್ಸ್ ಮಣೆಯಲ್ಲಿ 2 ಮಿಲಿಮೀಟರ್ ದಪ್ಪಕ್ಕೆ ಕೊಯ್ಯುತ್ತೇನೆ. ಅದಕ್ಕಿಂತ ತೆಳುವಾದರೆ ಜಾಲರಿಗೆ ಅಂಟಿ ಹರಿಯುತ್ತದೆ. 3 ಮಿಲಿಮೀಟರ್ ಆದರೆ ನಡುವೆ ತೊಗಲಿನ ಹಾಗೆ ಉಳಿಯುತ್ತದೆ. ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಐದು ನಿಮಿಷ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಆಮೇಲೆ ಪಂಚೆ ಬಟ್ಟೆಯ ಮೇಲೆ ಹರಡಿ ಎರಡೂ ಕಡೆ ಚೆನ್ನಾಗಿ ಒತ್ತಬೇಕು. ಈ ಒತ್ತುವ ಕೆಲಸ ತಪ್ಪಿಸಿದರೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಬಿಲ್ಲೆಗಳ ಮೇಲೆ ಒಂದು ಸ್ಟೀಲ್ ಜಾಲರಿ ಇಡಿ, ಹಾರುವುದಿಲ್ಲ. 90 ಡಿಗ್ರಿ, ಒಂದೂವರೆ ಗಂಟೆ. ಟೈಮರ್ ಅರ್ಧ ಗಂಟೆಗೆ ನಿಲ್ಲುವುದರಿಂದ ಮೂರು ಸಲ ತಿರುಗಿಸಬೇಕು. ಆಗಲೇ ಬಿಲ್ಲೆಗಳನ್ನೂ ಮಗುಚಿ ಹಾಕುತ್ತೇನೆ.

ಹೊರಗೆ ತೆಗೆದಾಗ ಹೆದರಬೇಡಿ. ಬಿಸಿ ಬಿಲ್ಲೆ ಬೆರಳಿಗೆ ಮೆತ್ತಗೆ ಬಾಗುತ್ತದೆ, ಒಣಗಿಲ್ಲ ಅನ್ನಿಸುತ್ತದೆ. ನಾನು ಹಾಗಂತ ಎಷ್ಟೋ ಸಲ ವಾಪಸ್ ಇಟ್ಟು ಸುಟ್ಟಿದ್ದೇನೆ. ಹಣ್ಣಿನ ಸಕ್ಕರೆ ಬಿಸಿಯಲ್ಲಿ ಮೆತ್ತಗಿದ್ದು, ತಣಿದ ಮೇಲೆ ಗಾಜಿನ ಹಾಗೆ ಬಿಗಿಯುತ್ತದೆ. ಒಂದು ಬಿಲ್ಲೆ ಮಾತ್ರ ಹೊರಗೆ ತೆಗೆದು ತಟ್ಟೆಯ ಮೇಲಿಡಿ. ಎರಡು ನಿಮಿಷ ಬಿಟ್ಟು ಮುರಿಯಿರಿ. ಟಕ್ ಅಂದರೆ ಎಲ್ಲ ತೆಗೆಯಬಹುದು. ನಮ್ಮಲ್ಲಿ ಆ ಪರೀಕ್ಷೆಯ ಬಿಲ್ಲೆ ಮಗಳ ಹಕ್ಕು. ಆಕೆ ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದು, "ಅಮ್ಮಾ, ಆಯ್ತು" ಅಂದ ಮೇಲೇ ನಾನು ಸ್ವಿಚ್ ಆರಿಸುವುದು.

ಮಸಾಲೆ ಯಾವಾಗ ಹಾಕಬೇಕು ಅನ್ನುವುದು ನನಗೆ ಹೊಳೆಯಲು ಆರು ತಿಂಗಳಾಯಿತು. ಮೊದಲೇ ಉಪ್ಪು ಹಾಕಿದರೆ ಹಣ್ಣು ನೀರು ಬಿಡುತ್ತದೆ. ಪೂರ್ತಿ ತಣಿದ ಮೇಲೆ ಉದುರಿಸಿದರೆ ಮಸಾಲೆಯೆಲ್ಲ ಡಬ್ಬಿಯ ತಳದಲ್ಲಿ. ಕೊನೆಯ ಇಪ್ಪತ್ತು ನಿಮಿಷ ಇರುವಾಗ ಬಿಲ್ಲೆಯ ಮೈ ಅಂಟಂಟಾಗಿರುತ್ತದೆ. ಅದೇ ಸರಿಯಾದ ಹೊತ್ತು. ಹುರಿದ ಜೀರಿಗೆ ಪುಡಿ ಅರ್ಧ ಚಮಚ, ಬ್ಯಾಡಗಿ ಮೆಣಸಿನ ಪುಡಿ ಕಾಲು ಚಮಚ, ಕಪ್ಪು ಉಪ್ಪು ಕಾಲು ಚಮಚ, ಚಿಟಿಕೆ ಚಕ್ಕೆ ಪುಡಿ. ಇಷ್ಟು ಕಲಸಿಟ್ಟುಕೊಂಡರೆ ನಾಲ್ಕು ಸೇಬಿಗೆ ಸಾಕು. ಚಹಾ ಸೋಸುವ ಜಾಲಿಯಿಂದ ಉದುರಿಸಿದರೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಬ್ಯಾಡಗಿಯೇ ಯಾಕೆ ಅಂದರೆ ಬಣ್ಣ ಕೊಡುತ್ತದೆ, ಖಾರ ಜಾಸ್ತಿ ಇಲ್ಲ. ಖಾರದ ಗುಂಟೂರು ಮೆಣಸು ಹಾಕಿದ ದಿನ ಸೇಬಿನ ರುಚಿಯೇ ಸಿಗಲಿಲ್ಲ.

ಇನ್ನು ಹಲಸು. ನಾನು ಶಿರಸಿ ಕಡೆಯವಳು, ಇದು ನನಗೆ ಸಣ್ಣ ವಿಷಯವಲ್ಲ. ಹೋದ ಮೇ ತಿಂಗಳಲ್ಲಿ ಆಯಿ (ನನ್ನ ಅಮ್ಮ) ಬೆಂಗಳೂರಿಗೆ ಬರುವಾಗ ಬೆಳೆದ ಬಕ್ಕೆ (ಗಟ್ಟಿ ತೊಳೆಯ ಜಾತಿ) ಹಲಸಿನಕಾಯಿಯ ತೊಳೆ ಬಿಡಿಸಿ ತಂದಿದ್ದಳು. ಇಬ್ಬರೂ ಕೂತು ಉದ್ದುದ್ದ ಕೊಯ್ದೆವು. ಅರ್ಧ ಆಯಿಯ ಬಾಣಲೆಗೆ, ಅರ್ಧ ನನ್ನ ಬುಟ್ಟಿಗೆ. ಆಯಿ ತೆಂಗಿನೆಣ್ಣೆ ಕಾಯಿಸಿ ಹಾಕಿದಳು. ಒಂದು ಚಮಚ ಉಪ್ಪುನೀರು ಎಣ್ಣೆಗೇ ಹೊಯ್ದು ಹಿಂದೆ ಸರಿದಳು. ಆಮೇಲೆ ಸುಮ್ನೆ ಶಬ್ದ ಕೇಳುತ್ತಾ ನಿಂತಳು. ನೊರೆಯ ಸದ್ದು ಇಳಿದ ಕೂಡಲೇ ತೂತಿನ ಸೌಟಿನಲ್ಲಿ ಎತ್ತಿದಳು. ನಾನು ಒಂದು ಚಮಚ ತೆಂಗಿನೆಣ್ಣೆ ಸವರಿ 160 ಡಿಗ್ರಿಗೆ ಇಪ್ಪತ್ತು ನಿಮಿಷ ಇಟ್ಟೆ. ತೆಳು ತುದಿಗಳು ಕೆಂಪಾದವು, ದಪ್ಪ ನಡು ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಯಿತು. ಆಯಿ ಒಂದು ತಿಂದು, "ಕೂಸೇ, ಇದು ಸುಟ್ಟಂಗಿದ್ದು, ಕರದಂಗಿಲ್ಲೆ" ಅಂದಳು.

ಆಯಿ ಹೇಳಿದ್ದು ಸರಿ. ಕಾದ ಎಣ್ಣೆ ಎಳೆಯನ್ನು ಎಲ್ಲ ಕಡೆಯಿಂದ ಒಮ್ಮೆಲೇ ಮುತ್ತಿಕೊಳ್ಳುತ್ತದೆ. ಒಳಗಿನ ನೀರು ಆವಿಯಾಗಿ ಸಿಡಿದು ಹೊರಗೆ ಬರುವಾಗ ಸಣ್ಣ ಸಣ್ಣ ತೂತುಗಳಾಗುತ್ತವೆ. ಹಲಸಿನ ಚಿಪ್ಸ್ ಹಗುರ ಇರುವುದು ಅದಕ್ಕೇ. ಬಿಸಿ ಗಾಳಿ ಹೊರಗಿನಿಂದ ನಿಧಾನವಾಗಿ ಒಣಗಿಸುತ್ತದೆ, ಎಳೆ ಕುಗ್ಗಿ ಬಿಗಿಯಾಗುತ್ತದೆ. ನಾಲ್ಕು ಸಲ ಬೇರೆ ಬೇರೆ ಬಿಸಿಯಲ್ಲಿ ಮಾಡಿ ನೋಡಿದೆ, ಆಗಲಿಲ್ಲ. ಹಲಸಿನ ಚಿಪ್ಸ್‌ಗೋಸ್ಕರ ಏರ್ ಫ್ರೈಯರ್ ಕೊಳ್ಳುವುದಾದರೆ ದಯವಿಟ್ಟು ಕೊಳ್ಳಬೇಡಿ. ವರ್ಷಕ್ಕೊಮ್ಮೆ ಎಣ್ಣೆಯಲ್ಲೇ ಕರಿದು ತಿನ್ನಿ.

ನೇಂದ್ರ ಬಾಳೆಕಾಯಿ ಇವೆರಡರ ನಡುವೆ. ಸಿಪ್ಪೆ ತೆಗೆಯುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಸೊನೆಯ ಕಲೆ ಹೋಗುವುದಿಲ್ಲ. ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಒರೆಸಿ, ಒಂದು ಕಾಯಿಗೆ ಒಂದು ಚಮಚ ತೆಂಗಿನೆಣ್ಣೆ ಸವರಿ, 170 ಡಿಗ್ರಿಗೆ 15 ನಿಮಿಷ. ನಡುವೆ ಎರಡು ಸಲ ಅಲ್ಲಾಡಿಸಬೇಕು. ಇಳಿಸಿದ ಕೂಡಲೇ ಕಾಳುಮೆಣಸಿನ ಪುಡಿ. ಅಂಗಡಿಯ ಚಿಪ್ಸ್‌ಗೆ ಹೋಲಿಸಿದರೆ ರುಚಿ ಹತ್ತಕ್ಕೆ ಏಳು ಅನ್ನಬಹುದು. ಆದರೆ ಕರಿದ ಬಾಳೆಕಾಯಿ ಚಿಪ್ಸ್ 100 ಗ್ರಾಂ ತಿಂದರೆ ಅದರಲ್ಲಿ ಸುಮಾರು 30 ಗ್ರಾಂ ಎಣ್ಣೆಯೇ ಇರುತ್ತದೆ. ಯಜಮಾನರ ತಟ್ಟೆ ನೋಡುವಾಗ ಆ ಏಳು ನನಗೆ ಒಪ್ಪಿಗೆ.

ಅನಾನಸ್ ಗರಿಗರಿ ಆಗುವುದಿಲ್ಲ. ಮೂರು ಗಂಟೆ ಇಟ್ಟರೂ ಜಗಿಯುವ ಹಾಗೇ ಇರುತ್ತದೆ, ಉಪ್ಪು-ಖಾರ ಹಾಕಿದರೆ ಹಾಗೇ ಚೆನ್ನ. ಕಳಿತ ಏಲಕ್ಕಿ ಬಾಳೆಹಣ್ಣು ನಮ್ಮೂರಿನ ಸುಕೇಳಿಯ (ಒಣಗಿಸಿದ ಬಾಳೆಹಣ್ಣಿನ) ಥರ ಆಗುತ್ತದೆ, ಚಿಪ್ಸ್ ಅಲ್ಲ. ಸೀಬೆಯಲ್ಲಿ ಬೀಜ ಹಲ್ಲಿಗೆ ಸಿಕ್ಕಿ ಕಷ್ಟ.

ಒಂದು ಮಾತು ಗಮನಿಸಿ. ಸೇಬಿನಲ್ಲಿ ನೂರಕ್ಕೆ 85 ಭಾಗ ನೀರು. 180 ಗ್ರಾಂನ ಒಂದು ಸೇಬು ಕೊನೆಗೆ 30 ಗ್ರಾಂ ಚಿಪ್ಸ್ ಆಗುತ್ತದೆ, ಸಕ್ಕರೆ ಮಾತ್ರ ಅಷ್ಟೂ ಅಲ್ಲೇ ಇರುತ್ತದೆ. ನಮ್ಮಪ್ಪನಿಗೆ ಶುಗರ್ ಇದೆ. ಎಣ್ಣೆ ಇಲ್ಲವಲ್ಲ ಅಂತ ಒಂದು ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಮೂರು ಸೇಬು ತಿಂದ ಲೆಕ್ಕ ಅಂತ ಹೇಳಿ ತೆಗೆದಿಡಬೇಕಾಯಿತು.

ಕರೆಂಟಿನ ಚಿಂತೆ ಇದ್ದವರಿಗೆ: ಮೀಟರ್ ನೋಡಿ ಲೆಕ್ಕ ಹಾಕಿದ್ದೇನೆ. 90 ಡಿಗ್ರಿಯಲ್ಲಿ ಕಾಯಿಲ್ ಆಗಾಗ ಆರಿ ಹತ್ತುವುದರಿಂದ ಒಂದೂವರೆ ಗಂಟೆಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಆದರೆ 6 ಆಂಪ್‌ನ ಸಣ್ಣ ಪ್ಲಗ್‌ಗೆ ಹಾಕಬೇಡಿ. 1400 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ 6 ಆಂಪ್ ದಾಟುತ್ತದೆ. ಮಿಕ್ಸಿಯ ಪಾಯಿಂಟ್‌ಗೆ ಹಾಕುತ್ತಿದ್ದಾಗ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. 16 ಆಂಪ್ ಪಾಯಿಂಟ್‌ಗೆ ಬದಲಾಯಿಸಿದ ಮೇಲೆ ಆ ಭಯ ಇಲ್ಲ.

ನನ್ನ ದೊಡ್ಡ ದೂರು ಬುಟ್ಟಿಯದು. ಹದಿನಾಲ್ಕನೇ ತಿಂಗಳಿಗೆ ನಾನ್‌ಸ್ಟಿಕ್ ಲೇಪ ಏಳಲು ಶುರುವಾಯಿತು. ಮೆತ್ತನೆ ಸ್ಪಂಜ್ ಬಿಟ್ಟು ಬೇರೇನೂ ಬಳಸಿರಲಿಲ್ಲ. ವಾರಂಟಿ ಒಂದೇ ವರ್ಷ. ಹೊಸ ಬುಟ್ಟಿ ಸರ್ವಿಸ್ ಸೆಂಟರ್‌ಗೆ ಬರಲು ಮೂರು ವಾರ ಕಾಯಬೇಕಾಯಿತು, ದುಡ್ಡು ನಮ್ಮದೇ. ಈಗ ಒಳಗೆ ಸ್ಟೀಲ್ ಜಾಲರಿ ಇಟ್ಟು ಅದರ ಮೇಲೇ ಹಣ್ಣು ಹರಡುತ್ತೇನೆ. ಲೇಪಕ್ಕೆ ಹಣ್ಣಿನ ಹುಳಿ, ಸಕ್ಕರೆ ತಾಗುವುದಿಲ್ಲ. ಒಂದು ವರ್ಷದಿಂದ ಬುಟ್ಟಿ ಹೊಸದರ ಹಾಗೇ ಇದೆ.

ಮಳೆಗಾಲದಲ್ಲಿ ಚಿಪ್ಸ್ ಬೇಗ ಮೆತ್ತಗಾಗುತ್ತದೆ. ರಬ್ಬರ್ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಬೇಸಿಗೆಯಲ್ಲಿ ಹತ್ತು ದಿನ ಇರುವುದು, ಜುಲೈನಲ್ಲಿ ಮೂರೇ ದಿನ. 100 ಡಿಗ್ರಿಗೆ ಐದು ನಿಮಿಷ ಇಟ್ಟು ತಣಿಸಿದರೆ ಮತ್ತೆ ಟಕ್ ಅನ್ನುತ್ತದೆ.

ಇನ್ನೊಮ್ಮೆ ಕೊಳ್ಳುವುದಾದರೆ 60 ನಿಮಿಷದ ಟೈಮರ್, ಅಗಲ ತಳದ ಬುಟ್ಟಿ, 80 ಡಿಗ್ರಿಗಿಂತ ಕೆಳಗೂ ಇಳಿಯುವ ನಾಬ್ ನೋಡಿ ಕೊಳ್ಳುತ್ತೇನೆ. ಲೀಟರ್ ಲೆಕ್ಕ ನೋಡುವುದಿಲ್ಲ. ಆಳ ಎಷ್ಟಿದ್ದರೂ ಚಿಪ್ಸ್‌ಗೆ ಬೇಕಾಗುವುದು ಹರಡುವ ಜಾಗ. ನನ್ನ ಬುಟ್ಟಿಯಲ್ಲಿ ಇವತ್ತಿಗೂ ಒಂದು ಸಲಕ್ಕೆ ಒಂದೇ ಸೇಬು.