ಮನೇಲೇ ಮಾಡೋ ಕಾಫಿ ಕ್ರೀಮರ್: ರುಚಿ ಸೂಪರ್, ಸಕ್ಕರೆ ಮಾತ್ರ ಅಂಗಡಿದರಷ್ಟೇ

ಕ್ರೀಮರ್ ಅಂದ್ರೆ ಕಾಫಿಗೆ ಹಾಲಿನ ಬದಲು ಹಾಕೋ ಸಿಹಿ ದ್ರವ. ಮೊದಲೇ ಹೇಳ್ಬಿಡ್ತೀನಿ, ಮನೇಲಿ ಮಾಡಿದ್ದಕ್ಕೆ 5ಕ್ಕೆ 4 ಸ್ಟಾರ್. ರುಚಿಗೆ ಪೂರ್ತಿ ಮಾರ್ಕ್ಸ್, ಆದ್ರೆ ಡಯಟ್ಟಿಗೆ ಒಳ್ಳೇದು ಅಂತ ಇದನ್ನ ಮಾಡೋಕೆ ಹೊರಟಿದ್ರೆ ಕೆಳಗಿರೋ ಲೆಕ್ಕ ಓದ್ಕೊಂಡು ಆಮೇಲೆ ಕಂಡೆನ್ಸ್ಡ್ ಮಿಲ್ಕ್ ಡಬ್ಬ ಓಪನ್ ಮಾಡಿ. ಅಮೆರಿಕದಲ್ಲಿರೋ ನಮ್ಮೋರಿಗೇ ಇದು ಜಾಸ್ತಿ ಉಪಯೋಗ, ಯಾಕಂದ್ರೆ ಇಲ್ಲಿ ಆಫೀಸಲ್ಲೂ ಡ್ರಿಪ್ ಮಷೀನು, ಸುಮಾರು ಮನೇಲೂ ಅದೇ ಗತಿ, ಆ ತೆಳು ಡಿಕಾಕ್ಷನ್ನಿಗೆ ಫ್ರಿಜ್ಜಿಂದ ತೆಗೆದ ಹಾಲು ಹಾಕಿದ್ರೆ ಬಣ್ಣಾನೂ ಬರಲ್ಲ ಬಿಸಿನೂ ಉಳಿಯಲ್ಲ, ಅದಕ್ಕೇ ಊರಲ್ಲಿದ್ದಾಗ ಹೆಸರೂ ಕೇಳಿರದ ಕ್ರೀಮರ್ ಬಾಟ್ಲಿ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ಫ್ರಿಜ್ ಬಾಗಿಲಲ್ಲಿ ಬಂದು ಕೂತ್ಕೊಳತ್ತೆ.

ಆ ಬಾಟ್ಲಿ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಅಂತ ಒಂದ್ಸಲ ನೋಡಿ. ಸಾಮಾನ್ಯ ವೆನಿಲ್ಲಾ ಕ್ರೀಮರ್ ಆದ್ರೆ ಮೊದಲು ನೀರು, ಆಮೇಲೆ ಸಕ್ಕರೆ, ಆಮೇಲೆ ಸೋಯಾನೋ ಕನೋಲಾನೋ ಯಾವ್ದೋ ಒಂದು ಎಣ್ಣೆ. ಹಾಲಂತೂ ಸುಮಾರು ಬಾಟ್ಲಿಲಿ ಇರೋದೇ ಇಲ್ಲ. ಬದಲಿಗೆ ಸೋಡಿಯಂ ಕೇಸಿನೇಟ್ ಅಂತ ಹಾಲಿಂದ ತೆಗೆದ ಪ್ರೋಟೀನ್ ಇರತ್ತೆ, ಹಾಗಾಗಿ ಮೇಲೆ ನಾನ್ ಡೇರಿ ಅಂತ ಬರ್ದಿದ್ರೂ ಹಾಲಿನ ಅಲರ್ಜಿ ಇರೋರು ಹುಷಾರು. ಇದೇನು ನಿನ್ನೆ ಮೊನ್ನೆದಲ್ಲ ಬಿಡಿ, ಕಾರ್ನೇಷನ್ ಕಂಪನಿ ಕಾಫಿ ಮೇಟ್ ಪುಡಿ ತಂದಿದ್ದೇ 1961ರಲ್ಲಿ.

ಮನೇಲಿ ಮಾಡೋಕೆ ಒಲೆನೂ ಬೇಡ. 14 ಔನ್ಸಿನ ಅಂದ್ರೆ 396 ಗ್ರಾಂ ಸ್ವೀಟನ್ಡ್ ಕಂಡೆನ್ಸ್ಡ್ ಮಿಲ್ಕ್ ಡಬ್ಬ ಒಂದು, ಒಂದೂಮುಕ್ಕಾಲು ಕಪ್ ಹೋಲ್ ಮಿಲ್ಕ್ ಅಂದ್ರೆ ಕೆನೆ ತೆಗೆಯದ ಹಾಲು (ಸುಮಾರು 415 ಎಂಎಲ್), ಎರಡು ಟೀ ಸ್ಪೂನ್ ವೆನಿಲ್ಲಾ ಎಕ್ಸ್‌ಟ್ರಾಕ್ಟ್, ಎಲ್ಲಾ ಒಂದು ದೊಡ್ಡ ಗಾಜಿನ ಜಾರಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಕುಲುಕೋದು ಅಷ್ಟೇ. ಒಂದು ವಿಷಯ ನೆನಪಿಟ್ಕೊಳಿ, ಡಬ್ಬದ ಮೇಲಿರೋ 14 ಔನ್ಸ್ ಅನ್ನೋದು ತೂಕ, ಅದೇ ಖಾಲಿ ಡಬ್ಬದಲ್ಲಿ ಹಾಲು ಅಳೆದ್ರೆ 300 ಎಂಎಲ್ ಆಸುಪಾಸು ಬರತ್ತೆ, ಆಗ ಕ್ರೀಮರ್ ಜಾಸ್ತಿ ಸಿಹಿ ಆಗಿ ಬಾಯಿ ಕಟ್ಟತ್ತೆ. ಹಾಲು ಒಂಚೂರು ಬೆಚ್ಚಗಿದ್ರೆ ಒಳ್ಳೇದು, ತಣ್ಣಗಿದ್ರೆ ಎಷ್ಟೇ ಕುಲುಕಿದ್ರೂ ಕಂಡೆನ್ಸ್ಡ್ ಮಿಲ್ಕ್ ತಳದಲ್ಲಿ ಹಳದಿ ಪದರದ ಥರ ಅಂಟ್ಕೊಂಡಿರತ್ತೆ, ಮೇಲ್ಗಡೆ ಬರೀ ಹಾಲು, ಕೊನೇ ಕಪ್ ಕುಡಿಯೋರಿಗೆ ಪಾಯಸ. ಅಂಗಡೀಲಿ ಪಕ್ಕದಲ್ಲೇ ಎವಾಪೊರೇಟೆಡ್ ಮಿಲ್ಕ್ ಡಬ್ಬಾನೂ ಇರತ್ತೆ, ನೋಡೋಕೆ ಒಂದೇ ಥರ, ಅದ್ರಲ್ಲಿ ಸಕ್ಕರೆ ಹಾಕಿರಲ್ಲ, ನೋಡಿ ತಗೊಳ್ಳಿ.

ಈಗ ರುಚಿ. ಕಂಡೆನ್ಸ್ಡ್ ಮಿಲ್ಕಲ್ಲಿ ಹಾಲು ಬತ್ತಿಸಿದ ಕೋವಾ ವಾಸನೆ ಸಣ್ಣಗೆ ಇರತ್ತಲ್ಲ, ಅದು ಬಿಸಿ ಕಾಫಿಗೆ ಬಿದ್ದಾಗ ಮೇಲೇಳತ್ತೆ, ಬಣ್ಣಾನೂ ನಮ್ಮೂರ ಹೋಟ್ಲು ಕಾಫಿ ಹತ್ರ ಹತ್ರ ಬರತ್ತೆ. ಅಂಗಡಿ ವೆನಿಲ್ಲಾದು ಸೆಂಟ್ ಹೊಡೆದ ಹಾಗೆ ಮೂಗಿಗೆ ಬಡಿಯತ್ತೆ, ಇದು ಹಾಗಲ್ಲ. ನನಗೆ ವೆನಿಲ್ಲಾಕ್ಕಿಂತ ಏಲಕ್ಕಿದೇ ಇಷ್ಟ, ಹಾಲು ಬೆಚ್ಚಗೆ ಮಾಡುವಾಗ ನಾಲ್ಕೈದು ಏಲಕ್ಕಿ ಜಜ್ಜಿ ಹಾಕಿ, ಆರಿದ ಮೇಲೆ ಸೋಸಿ ಬೆರೆಸಿ. ಇನ್ನೊಂದು, ಇಲ್ಲಿ ಮಾರೋ ವೆನಿಲ್ಲಾ ಎಕ್ಸ್‌ಟ್ರಾಕ್ಟಲ್ಲಿ ಕಾನೂನು ಪ್ರಕಾರನೇ ಕಮ್ಮಿ ಅಂದ್ರೂ 35 ಪರ್ಸೆಂಟ್ ಆಲ್ಕೋಹಾಲ್ ಇರ್ಬೇಕು, ಹಾಗಾಗಿ ಊರಿಂದ ಅತ್ತೆ ಮಾವ ಬಂದಾಗ ಏಲಕ್ಕಿ ವರ್ಷನ್ನೇ ಸೇಫು. ಬೆಲ್ಲ ಹಾಕೋ ಐಡಿಯಾ ಬಂದ್ರೆ ಬಿಸಿ ಹಾಲಿಗೆ ಹಾಕ್ಬೇಡಿ, ಒಡೆದ್ರೆ ಆಮೇಲೆ ನನ್ನ ಬೈಬೇಡಿ.

ಈಗ ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅಂತ. ಎಲ್ಲರೂ ಹೋಮ್ ಮೇಡ್ ಅಂದ್ರೆ ಹೆಲ್ದಿ ಅಂತ ಹೇಳ್ತಾರೆ, ಆದ್ರೆ ಒಂದು ಡಬ್ಬ ಕಂಡೆನ್ಸ್ಡ್ ಮಿಲ್ಕಲ್ಲಿ 215-220 ಗ್ರಾಂ ಸಕ್ಕರೆ ಇರತ್ತೆ, ಹಾಲಿಂದು ಸೇರಿದ್ರೆ 240ರ ಹತ್ರ. ಮೇಲೆ ಹೇಳಿದ ಅಳತೇಲಿ ಸುಮಾರು 700 ಎಂಎಲ್ ಕ್ರೀಮರ್ ಆಗತ್ತೆ, ಅಂದ್ರೆ 48 ಟೇಬಲ್ ಸ್ಪೂನ್, ಭಾಗಿಸಿ ನೋಡಿ, ಸ್ಪೂನಿಗೆ 5 ಗ್ರಾಂ. ಅಂಗಡಿ ಬಾಟ್ಲಿ ಮೇಲೂ ಸಾಮಾನ್ಯವಾಗಿ ಒಂದು ಟೇಬಲ್ ಸ್ಪೂನಿಗೆ 5 ಗ್ರಾಂ ಅಂತಾನೇ ಇರತ್ತೆ! ಕ್ಯಾಲೊರಿನೂ ಹೆಚ್ಚು ಕಮ್ಮಿ ಅಷ್ಟೇ, ಅದು 35 ಆದ್ರೆ ಇದು 32-33. ಎಣ್ಣೆ ಬದಲು ಹಾಲು ಕುಡಿತೀವಿ, ಆ ಲಾಭ ಖಂಡಿತ ಇದೆ, ಆದ್ರೆ ಶುಗರ್ ಇರೋರಿಗೆ ಇದ್ರಿಂದ ಏನೂ ಉಪಕಾರ ಇಲ್ಲ. ಇದಕ್ಕೆ ನಾನು ಕಂಡ್ಕೊಂಡ ದಾರಿ ಅಂದ್ರೆ ಅರ್ಧ ಡಬ್ಬಕ್ಕೆ ಎರಡು ಕಪ್ ಹಾಫ್ ಅಂಡ್ ಹಾಫ್ (ಅರ್ಧ ಹಾಲು ಅರ್ಧ ಕ್ರೀಮ್ ಬೆರೆಸಿದ್ದು) ಹಾಕೋದು, ಸಕ್ಕರೆ ಸ್ಪೂನಿಗೆ 3 ಗ್ರಾಮಿಗೆ ಇಳಿಯತ್ತೆ, ಕೊಬ್ಬು ಜಾಸ್ತಿ ಇರೋದ್ರಿಂದ ತೆಳುನೂ ಅನ್ಸಲ್ಲ. ಎರಡ್ಮೂರು ದಿನಕ್ಕೆ ಜಾರಿನ ಕತ್ತಿಗೆ ಕೆನೆ ಉಂಗುರ ಕಟ್ಟತ್ತೆ, ಕೆಟ್ಟಿದೆ ಅಂತ ಚೆಲ್ಬೇಡಿ, ಕುಲುಕಿ ಹಾಕೊಳ್ಳಿ.

ಇನ್ನು ಒಡೆಯೋ ವಿಷಯ. ಅಂಗಡಿದರಲ್ಲಿ ಡೈಪೊಟ್ಯಾಶಿಯಂ ಫಾಸ್ಫೇಟ್ ಹಾಕಿರ್ತಾರೆ, ಕಾಫಿ ಹುಳಿಗೆ ಪ್ರೋಟೀನ್ ಒಡೀದೆ ಇರ್ಲಿ ಅಂತ. ನಮ್ದ್ರಲ್ಲಿ ಅದಿಲ್ಲ. ಹಾಲು ಫ್ರೆಶ್ ಆಗಿದ್ರೆ ಕಪ್ಪಗೆ ಹುರಿದ ಡಾರ್ಕ್ ರೋಸ್ಟಲ್ಲಿ ತೊಂದ್ರೆನೇ ಇಲ್ಲ, ಕಮ್ಮಿ ಹುರಿದ, ಹುಳಿ ಜಾಸ್ತಿ ಇರೋ ಲೈಟ್ ರೋಸ್ಟ್ ಕುಡಿಯೋರಿಗೆ ಮಾತ್ರ, ಅದೂ ಹಾಲು ಡೇಟ್ ಹತ್ರ ಬಂದಿದ್ರೆ, ಕಪ್ಪಲ್ಲಿ ಬಿಳಿ ಬಿಳಿ ಚೂರು ತೇಲತ್ತೆ. ಕಪ್ಪಿಗೆ ಮೊದಲು ಕ್ರೀಮರ್ ಹಾಕಿ ಮೇಲಿಂದ ನಿಧಾನಕ್ಕೆ ಕಾಫಿ ಸುರಿದ್ರೆ ಇದು ಸುಮಾರಾಗಿ ತಪ್ಪತ್ತೆ.

ದಯವಿಟ್ಟು ಇದನ್ನ ಫಿಲ್ಟರ್ ಕಾಫಿಗೆ ಹಾಕ್ಬೇಡಿ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್ನಿಗೆ ಬೇಕಾಗಿರೋದು ಆಗ ತಾನೇ ಉಕ್ಕಿದ ಹಾಲು, ಕ್ರೀಮರ್ ಹಾಕಿದ್ರೆ ಕಹಿ ಎಲ್ಲ ಸತ್ತು ಕಾಫಿ ಚಾಕಲೇಟ್ ಆಗ್ಬಿಡತ್ತೆ. ಇನ್ಸ್ಟಂಟ್‌ಗೆ ಓಕೆ, ರೋಡ್ ಟ್ರಿಪ್ಪಲ್ಲಿ ಮೋಟೆಲ್ ರೂಮಿನ ಆ ಪುಟ್ಟ ಮಷೀನ್ ಕಾಫಿಗಂತೂ ಇದು ದೇವರು ಕೊಟ್ಟಂಗೆ, ಐಸ್ ಬಾಕ್ಸಲ್ಲಿ ಒಂದು ಸಣ್ಣ ಬಾಟ್ಲಿ ಇಟ್ಕೊಂಡು ಹೋಗಿ.

ದುಡ್ಡು ಉಳಿಯತ್ತೆ ಅನ್ಕೊಂಡಿದ್ರೆ ಅಂಥದ್ದೇನಿಲ್ಲ, ಸ್ಟೋರ್ ಬ್ರ್ಯಾಂಡ್ ಡಬ್ಬ ತಗೊಂಡ್ರೆ ಸಮ ಸಮ ಆಗತ್ತೆ. ಬಾಳಿಕೆನೂ ಕಮ್ಮಿ, ಬೆರೆಸಿದ ಹೋಲ್ ಮಿಲ್ಕಿನ ಕ್ಯಾನ್ ಮೇಲಿರೋ ಡೇಟೇ ಇದ್ರ ಡೇಟೂ, ಹೇಗಿದ್ರೂ ಒಂದು ವಾರದಲ್ಲಿ ಮುಗ್ಸೋದು ವಾಸಿ. ಒಬ್ಬರೇ ಇರೋರು ಅರ್ಧ ಡಬ್ಬದ್ದೇ ಮಾಡ್ಕೊಳಿ, ಉಳಿದಿದ್ದು ಡಬ್ಬದಲ್ಲೇ ಬಿಡ್ದೆ ಗಾಜಿನ ಬಾಟ್ಲಿಗೆ ತೆಗ್ದಿಟ್ರೆ ವೀಕೆಂಡ್ ಕ್ಯಾರೆಟ್ ಹಲ್ವಾಗೆ ಆಗತ್ತೆ.